ಕೊಳೆ ಬದಿಯ ಹೊಸಬಳು

ಜನವರಿ 6, ಸೋಮವಾರ

ತಲೆಯಲ್ಲಿ ಓಡುವುದನ್ನೆಲ್ಲ ಬರೆದಿಟ್ಟರೆ ನಿದ್ದೆ ಬರುತ್ತದೆಯಂತೆ. ಮೇಲಿನ ವಾರ್ಡಿನ ನರ್ಸಮ್ಮ ಹೇಳಿದರು. ನಾನು ಕೇಳಿದ್ದು ಮಾತ್ರೆ, ಅವರು ಕೊಟ್ಟದ್ದು ಬುದ್ಧಿ. ಆರನೆಯ ಕ್ಲಾಸಿಗೇ ಶಾಲೆಗೆ ಸಲಾಮು ಹೊಡೆದವಳು ನಾನು. ತಪ್ಪುಗಿಪ್ಪು ಇದ್ದರೆ ನೋಡುವವರು ಯಾರು, ನಾನೇ ತಾನೆ.

ಇವತ್ತು ನಮ್ಮ ಲಾಂಡ್ರಿಗೆ ಒಬ್ಬ ಹೊಸಬಳನ್ನು ತಂದು ನಿಲ್ಲಿಸಿದರು. ಯುದ್ಧಕ್ಕೆ ಹೆದರಿ ದೇಶ ಬಿಟ್ಟು ಬಂದವರನ್ನು ಬಸ್ ನಿಲ್ದಾಣದ ಹಿಂದಿನ ಹಳೇ ಲಾಡ್ಜಿನಲ್ಲಿ ತುಂಬಿದ್ದಾರಲ್ಲ, ಅವರಲ್ಲೊಬ್ಬಳು. ನನಗಿಂತ ದೊಡ್ಡವಳು, ಐವತ್ತರ ಹತ್ತಿರ ಇರಬೇಕು. ಮೇಸ್ತ್ರಿ ಅವಳನ್ನು ಕೊಳೆ ಬದಿಗೆ ಹಾಕಿದ. ಬೇರೆಲ್ಲಿಗೆ ಹಾಕುತ್ತಾನೆ? ಆಸ್ಪತ್ರೆಯ ಲಾಂಡ್ರಿ ಎಂದರೆ ನೆಲಮಾಳಿಗೆಯಲ್ಲಿ ಎರಡು ಕೋಣೆ, ನಡುವೆ ಗೋಡೆ, ಗೋಡೆಯೊಳಗೆ ಹೂತ ದೊಡ್ಡ ದೊಡ್ಡ ಮೆಷಿನ್ನುಗಳು. ರಕ್ತ, ಕೀವು, ಹೇಲು ಅಂಟಿದ ಬಟ್ಟೆಯನ್ನು ಆ ಕಡೆಯ ಬಾಗಿಲಿನಿಂದ ತುರುಕುತ್ತಾರೆ. ತೊಳೆದದ್ದನ್ನು ಈ ಕಡೆಯ ಬಾಗಿಲಿನಿಂದ ನಾವು ತೆಗೆಯುತ್ತೇವೆ. ಆ ಕಡೆಯವರು ಸ್ನಾನ ಮಾಡಿ ಬಟ್ಟೆ ಬದಲಾಯಿಸದೆ ಈ ಕಡೆ ಕಾಲಿಡುವಂತಿಲ್ಲ. ನಾನು ಈ ಕಡೆಯವಳು. ಇಲ್ಲಿಗೆ ಬರಲು ಎಷ್ಟು ವರ್ಷ ಮೂಗು ಮುಚ್ಚಿಕೊಂಡು ಆ ಕಡೆ ಸವೆದಿದ್ದೇನೆಂದು ನನಗೇ ಗೊತ್ತು.

ಚಹಾದ ಹೊತ್ತಿಗೆ ಮಾತ್ರ ಎಲ್ಲರೂ ಒಂದೇ ಕೋಣೆ. ಅವಳು ನನ್ನ ಮುಂದೆ ಬಂದು ನಿಂತು, “ತಾವು ದಯವಿಟ್ಟು ಸಕ್ಕರೆಯನ್ನು ನೀಡುವಿರಾ?” ಎಂದಳು. ಭಾಷೆ ಕಲಿಸುವ ಕ್ಲಾಸಿನಲ್ಲಿ ಹೀಗೆ ಕಲಿಸುತ್ತಾರಂತೆ. ಮೇಸ್ತ್ರಿ ಚಹಾ ಮೂಗಿಗೆ ಏರುವಷ್ಟು ನಕ್ಕ. “ಏನಮ್ಮಾ, ಇವ್ಳು ರೇಡಿಯೋದಲ್ಲಿ ವಾರ್ತೆ ಓದ್ತಾ ಇದ್ದೋಳಾ?”

ನನಗೆ ನಗು ಬರಲಿಲ್ಲ. ಅವಳ ಉಗುರಿನ ಸಂದು ನೋಡುತ್ತಿದ್ದೆ. ಅಲ್ಲಿಂದ ಏನೇನು ರೋಗ ಹೊತ್ತು ತಂದಿದ್ದಾರೋ. ನನ್ನ ಲೋಟವನ್ನು ಬೇರೆ ಗೂಡಿನಲ್ಲಿ ಕವುಚಿಟ್ಟು ಬಂದೆ. ಮನೆಗೆ ಬಂದು ಮೊಣಕೈವರೆಗೂ ಸೋಪು ಹಾಕಿ ತೊಳೆದೆ. ಆದರೂ ಏನೋ ಹರಿದಾಡಿದ ಹಾಗಾಗುತ್ತದೆ.

ಜನವರಿ 9, ಗುರುವಾರ

ಹೊಂದಾಣಿಕೆ ಕಚೇರಿಯಿಂದ ಒಬ್ಬ ಮೇಡಂ ಬಂದಿದ್ದರು. ಹೊಸದಾಗಿ ಬಂದವರಿಗೆ ಊರು ಒಗ್ಗಿಸುವುದು ಅವರ ಕೆಲಸ. ಜತೆಗೆ ಅವರಲ್ಲಿ ಯಾರಾದರೂ ತಲೆ ಕೆಡಿಸುವವರ ಕೈಗೆ ಸಿಕ್ಕಿ ಹಾಳಾಗದ ಹಾಗೆ ನೋಡಿಕೊಳ್ಳುವುದೂ ಅವರದೇ ಕೆಲಸವಂತೆ. ಅರ್ಧ ದಿನ ಮಾತಾಡಿದರು. ಬಿಸ್ಕತ್ತಿನ ಪುಡಿ ತುಟಿಯ ಮೂಲೆಯಲ್ಲಿ ಒದ್ದೆಯಾಗಿ ಅಂಟಿತ್ತು, ಮಾತಿಗೊಮ್ಮೆ ಅಲುಗುತ್ತಿತ್ತು. ನನಗೆ ಅದನ್ನು ಬಿಟ್ಟು ಬೇರೇನೂ ಕಾಣಲಿಲ್ಲ.

ಆದರೂ ಕೇಳಿಸಿಕೊಂಡೆ. ಹಾಳಾಗುವವನು ಹಳೇ ಸ್ನೇಹಿತರನ್ನು ಬಿಡುತ್ತಾನಂತೆ. ಪ್ರೀತಿಯಿಂದ ಮಾಡುತ್ತಿದ್ದುದನ್ನು ಬಿಡುತ್ತಾನಂತೆ. ಯಾರದೋ ಬಾಯಿಯ ಮಾತನ್ನು ಗಿಣಿಯ ಹಾಗೆ ಒಪ್ಪಿಸುತ್ತಾನಂತೆ. ತಮಾಷೆ ಮಾಡಿದರೆ ಉರಿದುಬೀಳುತ್ತಾನಂತೆ. ಮಾತೆತ್ತಿದರೆ ‘ನಾವು’, ‘ಅವರು’.

ಆಮೇಲೆ ಹೊಸಬಳಿಗೆ ಜೊತೆಗಾತಿಯಾಗಿ ಯಾರಿರುತ್ತೀರಿ ಎಂದು ಕೇಳಿದರು. ಎಲ್ಲರೂ ಚಪ್ಪಲಿ ನೋಡಿಕೊಂಡರು. ಮೇಸ್ತ್ರಿ ನನ್ನ ಕಡೆ ಕೈ ತೋರಿಸಿ, “ಇವಳನ್ನ ಹಾಕ್ಕೊಳ್ಳಿ ಮೇಡಂ. ಗಾಳಿ ಬೀಸಿದ್ರೂ ಯಾಕೆ ಬೀಸ್ತು ಅಂತ ಚಿಂತೆ ಮಾಡೋಳು” ಎಂದ.

“ಇಂಥ ಸೂಕ್ಷ್ಮ ಕಣ್ಣಿನೋರೇ ಬೇಕು ನಮಗೆ. ಏನಾದ್ರೂ ವಿಚಿತ್ರ ಕಂಡ್ರೆ ನನಗೊಂದು ಫೋನ್ ಮಾಡಿ, ಸಾಕು” ಎಂದರು ಮೇಡಂ.

ನನ್ನನ್ನು ಯಾರೂ ಯಾವುದಕ್ಕೂ ಆರಿಸಿದವರಲ್ಲ. ಒಳಗೊಳಗೇ ಹಿಗ್ಗಿದೆ. ಹಿಗ್ಗಿದ ಮೇಲೆ ಚಿಂತೆ ಹತ್ತಿತು. ನಾನು ಗಮನಿಸದೆ ಇದ್ದು ಏನಾದರೂ ಆಗಿಬಿಟ್ಟರೆ?

ಜನವರಿ 15, ಬುಧವಾರ

ಗೋಡೆಯಲ್ಲಿ ಅಂಗೈಯಗಲದ ಗಾಜಿನ ಕಿಂಡಿ ಇದೆ. ಅದರಿಂದ ಹೊಸಬಳನ್ನು ನೋಡುತ್ತಿರುತ್ತೇನೆ. ಹೇಸಿಗೆಯ ಬಟ್ಟೆಯನ್ನು ತುದಿಬೆರಳಲ್ಲಿ ಹಿಡಿಯುವುದಿಲ್ಲ ಅವಳು, ಎರಡೂ ಕೈಯಲ್ಲಿ ಬಾಚಿಕೊಳ್ಳುತ್ತಾಳೆ. ನೋಡಿದರೆ ವಾಕರಿಕೆ ಬರುತ್ತದೆ. ಅಸಹ್ಯ ಎನ್ನುವುದೇ ಇಲ್ಲದ ಜನ ಏನು ತಾನೆ ಮಾಡಲಾರರು?

ಮನೆಯಲ್ಲಿ ಬೇರೆ ಹೇಸಿಗೆ. ಬೆಳಗ್ಗೆ ಮುಖ ತೊಳೆಯಲು ಹೋದರೆ ಬಚ್ಚಲ ಜಾಲರಿಯ ಮೇಲೆ ತಮ್ಮನ ಮೀನುಗಳು ಸತ್ತು ಬಿದ್ದಿದ್ದವು, ಹೊಟ್ಟೆ ಮೇಲಾಗಿ. ಗಾಜಿನ ತೊಟ್ಟಿಯನ್ನು ಖಾಲಿ ಮಾಡಿ ಮಾರಿದ್ದಾನೆ. ಆ ಮೀನಿಗೆಂದು ಇವನು ಊಟ ಬಿಟ್ಟ ದಿನ ಇತ್ತು.

“ಯಾಕೋ?” ಎಂದೆ.

“ಮೀನು ಸಾಕೋ ಹೊತ್ತಾ ಇದು ಅಕ್ಕ? ಊರು ಹೊತ್ತಿ ಉರೀತಾ ಇದೆ.”

“ಎಲ್ಲಿ ಉರೀತಾ ಇದೆಯೋ? ನಂಗೇನೂ ಕಾಣಲ್ಲಪ್ಪ.”

“ಅದೇ ಕಷ್ಟ. ನಿನ್ನಂಥೋರಿಗೆ ಕಾಣಲ್ಲ” ಎಂದು ಜಿಮ್ಮಿಗೆ ಹೋದ.

ಬೆರಳಿಗೆ ಪ್ಲಾಸ್ಟಿಕ್ ಕವರು ಹಾಕಿಕೊಂಡು ಮೀನು ಎತ್ತಿದೆ. ಕೆಲಸದಲ್ಲೂ ಎತ್ತುವುದು, ಮನೆಯಲ್ಲೂ ಎತ್ತುವುದು.

ಜನವರಿ 21, ಮಂಗಳವಾರ

ತಮ್ಮನ ಚಿಂತೆ ಬೇರೆ. ಗೋದಾಮಿನ ಕೆಲಸ ಹೋಗಿ ಮಳೆಗಾಲ ಕಳೆಯಿತು. ಗುತ್ತಿಗೆದಾರ ಕಡಿಮೆ ಕೂಲಿಗೆ ಲಾಡ್ಜಿನವರನ್ನು ಹಾಕಿಕೊಂಡನಂತೆ. ಸಿಟ್ಟು ಬರುವುದು ಸಹಜ. ಆದರೆ ಅವನ ಸಿಟ್ಟು ಗುತ್ತಿಗೆದಾರನ ಮೇಲೆ ಬರಲಿಲ್ಲ. ಅವನ ಕಾರು ಕಂಡರೆ ಈಗಲೂ ಕೈ ಎತ್ತುತ್ತಾನೆ.

ಈಗ ಎಲ್ಲ ಹೊತ್ತೂ ಜಿಮ್ಮಿನ ಯಜಮಾನನ ಹಿಂದೆ. ನಾನು ಅವನಿಗೆ ಡಂಬೆಲ್ಲಣ್ಣ ಎಂದು ಹೆಸರಿಟ್ಟಿದ್ದೆ. ಹಿಂದೆ ತಮ್ಮನೇ ನಕ್ಕು ಹೊರಳಾಡಿದ್ದ. ಇವತ್ತು ಊಟದ ಹೊತ್ತಿಗೆ ಹಾಗೆಂದದ್ದಕ್ಕೆ ತಟ್ಟೆ ತಳ್ಳಿದ. “ಅವ್ರ ಹೆಸರು ಹೇಳೋ ಯೋಗ್ಯತೆ ಇಲ್ಲ ನಿಂಗೆ” ಎಂದ. ಚಿಕ್ಕಂದಿನ ಗೆಳೆಯ ಬಾಗಿಲಿಗೆ ಬಂದು ಕರೆದರೆ ಇಲ್ಲವೆನ್ನಲು ನನಗೇ ಹೇಳಿದ. “ಈ ಮಣ್ಣು ನಮ್ದು, ಈ ಗಾಳಿ ನಮ್ದು” ಎಂದು ಏನೇನೋ ಒಪ್ಪಿಸಿದ. ಯಾವಾಗಲೂ ಬಾಡಿಗೆ ಮನೆಯಲ್ಲೇ ಇದ್ದವರು ನಾವು. ಮಣ್ಣು ಎಲ್ಲಿಂದ ಬಂತೋ.

ಗೋಡೆಗೆ ಸಿಡಿದ ಊಟ ಒರೆಸಿದೆ.

ಹೊಸಬಳ ವಿಷಯ ಬರೆಯುವುದನ್ನೇ ಮರೆತೆ. ಅವಳಲ್ಲಿ ಮೇಡಂ ಹೇಳಿದ್ದು ಒಂದೂ ಕಾಣುತ್ತಿಲ್ಲ. ಮೇಸ್ತ್ರಿ ರೇಗಿಸಿದರೆ ನಗುತ್ತಾಳೆ. ಅದೇ ಅನುಮಾನ ನನಗೆ.

ಜನವರಿ 27, ಸೋಮವಾರ

ಸಿಕ್ಕಿತು!

ಲಾಂಡ್ರಿಯಲ್ಲಿ ಹರಿದುಹೋದ ಹಾಸುಬಟ್ಟೆಗಳನ್ನು ಮೂಲೆಗೆ ಒಟ್ಟಿರುತ್ತಾರೆ. ಒರೆಸಲು ಯಾರು ಬೇಕಾದರೂ ಒಯ್ಯಬಹುದು. ಹೊಸಬಳು ಅದನ್ನು ಅಗಲ ನೋಡಿ ಪಟ್ಟಿ ಪಟ್ಟಿಯಾಗಿ ಹರಿದು, ಸುರುಳಿ ಸುತ್ತಿ ಚೀಲಕ್ಕೆ ಹಾಕುತ್ತಾಳೆ. ಕಿಂಡಿಯಿಂದ ಕಣ್ಣಾರೆ ನೋಡಿದೆ. ಇವತ್ತೊಂದೇ ದಿನವಲ್ಲ, ಕಳೆದ ವಾರವೂ ಆ ಚೀಲ ಉಬ್ಬಿತ್ತು. ನೆಲ ಒರೆಸಲು ಯಾರಾದರೂ ಅಷ್ಟು ಒಪ್ಪವಾಗಿ ಸುರುಳಿ ಸುತ್ತುತ್ತಾರೆಯೇ?

ಮೇಡಂಗೆ ಫೋನ್ ಮಾಡಿದೆ. “ಒಳ್ಳೇ ಕೆಲ್ಸ ಮಾಡಿದ್ರಿ, ನಾವು ನೋಡ್ಕೋತೀವಿ” ಎಂದರು.

ಸಂಜೆ ತಮ್ಮನಿಗೂ ಹೇಳಿದೆ. ಎಷ್ಟು ದಿನವಾಗಿತ್ತು ಅವನು ನನ್ನ ಮಾತಿಗೆ ತಲೆ ಎತ್ತಿ! ಮೊಬೈಲು ಕೆಳಗಿಟ್ಟ. “ಎಷ್ಟುದ್ದ ಇತ್ತು ಅಕ್ಕ? ಎಣ್ಣೆ ವಾಸನೆ ಬರ್ತಿತ್ತಾ?” ಎಂದೆಲ್ಲ ಕೇಳಿದ. ನನಗೂ ಉಮೇದು ಬಂದು ಇದ್ದದ್ದಕ್ಕೆ ಸ್ವಲ್ಪ ಸೇರಿಸಿಯೇ ಹೇಳಿದೆ. ಎರಡನೇ ಸಲ ಅನ್ನ ಹಾಕಿಸಿಕೊಂಡ. ಪಾಪ, ಇಳಿದುಹೋಗಿದ್ದಾನೆ.

ಜನವರಿ 30, ಗುರುವಾರ

ಹೊಸಬಳು ಕೆಲಸಕ್ಕೆ ತಡವಾಗಿ ಬಂದಳು. ಕಣ್ಣು ಊದಿತ್ತು. ಲಾಡ್ಜಿನಲ್ಲಿ ಅವಳ ಕೋಣೆಯನ್ನು ಪೊಲೀಸರು ಜಾಲಾಡಿದರಂತೆ. ಏನೂ ಸಿಗಲಿಲ್ಲವಂತೆ.

ನನಗೇನು ಗೊತ್ತು. ನನ್ನ ಕೆಲಸ ನಾನು ಮಾಡಿದೆ.

ಚಹಾ ಸೇರಲಿಲ್ಲ.

ಫೆಬ್ರವರಿ 4, ಮಂಗಳವಾರ

ಇಸ್ತ್ರಿ ರೋಲರಿನ ಮುಂದೆ ನನ್ನ ಜೋಡಿ ರಜೆ. ದೊಡ್ಡ ಹಾಸುಬಟ್ಟೆ ಒಬ್ಬರ ಕೈಯಲ್ಲಿ ಆಗುವುದಿಲ್ಲ. ಇಬ್ಬರು ಎದುರುಬದುರು ನಿಂತು, ಒಟ್ಟಿಗೆ ಝಾಡಿಸಿ, ಒಟ್ಟಿಗೆ ಬಿಡಬೇಕು. ಮೇಸ್ತ್ರಿ ಹೊಸಬಳಿಗೆ ಸ್ನಾನ ಮಾಡಿಸಿ ಈ ಕಡೆ ಕಳಿಸಿದ. ಹಾಸುಬಟ್ಟೆಯ ಎರಡು ತುದಿ ಅವಳ ಕೈಗೆ ಕೊಟ್ಟೆ.

ಅವಳು ಬಟ್ಟೆ ನೋಡುವುದಿಲ್ಲ, ಎದುರಿನವರ ಭುಜ ನೋಡುತ್ತಾಳೆ. ಹಾಗಾಗಿ ಒಂದು ಸಲವೂ ತಪ್ಪಲಿಲ್ಲ. ನನ್ನ ಜೋಡಿ ಎಷ್ಟು ವರ್ಷವಾದರೂ ಎಳೆದೇ ಬಿಡುತ್ತಾಳೆ, ಮೂದೇವಿ.

ಸುಮ್ಮನಿರಲಾರದೆ ಕೇಳಿದೆ. “ಪೊಲೀಸ್ರು ಏನು ಹುಡುಕಿದ್ರು?”

“ಬಟ್ಟೆಯನ್ನು” ಎಂದಳು. “ಅವರು ನನ್ನ ಅತ್ತೆಯವರನ್ನು ಹಾಸಿಗೆಯಿಂದ ನೆಲಕ್ಕೆ ಇಳಿಸಿದರು. ಹಾಸಿಗೆಯನ್ನು ಕತ್ತರಿಸಿದರು.”

“ಅತ್ತೆ ಇದ್ದಾರಾ ನಿಂಗೆ?”

“ಇದ್ದಾರೆ. ನನ್ನ ಗಂಡ ಇಲ್ಲ. ಅತ್ತೆಯವರು ನಡೆಯುವುದಿಲ್ಲ. ಅವರಿಗೆ ಎಲ್ಲವೂ ಹಾಸಿಗೆಯಲ್ಲಿಯೇ ಆಗುತ್ತದೆ. ಆದ್ದರಿಂದ ನಾನು ಬಟ್ಟೆಯನ್ನು ಮಡಚಿ ಕಟ್ಟುತ್ತೇನೆ.” ಎಲ್ಲಿ ಕಟ್ಟುವುದೆಂದು ಕೈಯಲ್ಲಿ ತೋರಿಸಿದಳು, ನನಗೆ ತಿಳಿಯಲಿಲ್ಲವೇನೋ ಎಂದು.

ರೋಲರಿನ ಬಿಸಿಗೆ ಮುಖ ಸುಟ್ಟಿತು. ನೇರ ಹೋಗಿ ಮೇಡಂಗೆ ಫೋನ್ ಮಾಡಿದೆ.

“ಗೊತ್ತಾಯ್ತು ನಮಗೂ. ಫೈಲ್ ಹಾಗೇ ಇಟ್ಟಿರ್ತೀವಿ, ಮುಂದಕ್ಕೆ ಬೇಕಾಗತ್ತೆ. ನೀವು ತಲೆ ಕೆಡಿಸ್ಕೋಬೇಡಿ” ಎಂದರು. ಏನೋ ಅಗಿಯುತ್ತಿದ್ದರು. ಆ ಚಪಚಪ ಸದ್ದು ಇನ್ನೂ ಕಿವಿಯಲ್ಲಿದೆ. ಥೂ.

ಸಂಜೆ ತಮ್ಮನ ಮುಂದೆ ಕೂತು, “ಅದು ಮುದುಕಿಗೆ ಕಟ್ಟೋ ಬಟ್ಟೆಯಂತೆ ಕಣೋ. ನಾನೇ ತಪ್ಪು ತಿಳ್ಕೊಂಡೆ” ಎಂದೆ.

ಅವನು ನಕ್ಕ. ಆದರೆ ಅದು ಅವನ ನಗು ಅಲ್ಲ. “ಅವ್ರು ಹಾಗೇ ಹೇಳ್ತಾರೆ. ನೀನು ನಂಬ್ಲಿ ಅಂತಾನೇ ಹೇಳ್ತಾರೆ. ಅವು ಬತ್ತಿ ಅಕ್ಕ. ಪೆಟ್ರೋಲ್ ಬಾಟ್ಲಿಗೆ ಹಾಕೋ ಬತ್ತಿ. ನಮ್ಮ ಹುಡುಗ್ರಿಗೆಲ್ಲ ಹೇಳಿದೀವಿ.”

“ಯಾರು ಹೇಳಿದ್ದು ಅಂತ ಹೇಳಿದೀರಿ?”

“ಒಳಗಿಂದ್ಲೇ ಸುದ್ದಿ ಬಂದಿದೆ ಅಂದ್ವಿ” ಎಂದ, ಹೆಮ್ಮೆಯಿಂದ. ಒಳಗು ಎಂದರೆ ನಾನು.

ಫೆಬ್ರವರಿ 7, ಶುಕ್ರವಾರ

ಇವತ್ತು ಅಂಗಡಿಯವನು ಚಿಲ್ಲರೆ ಕೊಡುತ್ತಾ, “ಲಾಡ್ಜಲ್ಲಿ ಕಂತೆ ಕಂತೆ ಬತ್ತಿ ಸಿಕ್ಕಿದ್ಯಂತೆ, ಹೌದಾ?” ಎಂದ. ಬಸ್ಸಿನಲ್ಲಿ ಇಬ್ಬರು ಹೆಂಗಸರು ಅದೇ ಮಾತು. ಒಬ್ಬಳು ಕಂತೆ ಎಂದಳು, ಇನ್ನೊಬ್ಬಳು ಮೂಟೆ ಎಂದಳು. ನಾನು ಉಗಿದ ಉಗುಳು ಊರೆಲ್ಲ ಸುತ್ತಿ ನನ್ನ ಮುಖಕ್ಕೇ ಬಂದು ಬಿದ್ದ ಹಾಗಾಯಿತು. ಇಳಿದು ಮೋರಿಗೆ ವಾಂತಿ ಮಾಡಿದೆ.

ಲಾಂಡ್ರಿಗೆ ಹೋಗಿ ಮೇಡಂಗೆ ಮತ್ತೆ ಫೋನ್ ಮಾಡಿದೆ. ತಮ್ಮನ ವಿಷಯ ಎಲ್ಲ ಹೇಳಿಬಿಟ್ಟೆ. ಮೀನು ಬಿಟ್ಟದ್ದು, ಗೆಳೆಯನನ್ನು ಬಿಟ್ಟದ್ದು, ತಟ್ಟೆ ತಳ್ಳಿದ್ದು, ಡಂಬೆಲ್ಲಿನ ಮಾತು ಒಪ್ಪಿಸುವುದು.

“ನೀವು ಹೇಳಿದ ಹಾಗೇ ಇದೆ ಮೇಡಂ, ಒಂದೂ ಬಿಟ್ಟಿಲ್ಲ.”

“ಅಯ್ಯೋ, ನಿಮ್ಮ ತಮ್ಮ ಇಲ್ಲೇ ಹುಟ್ಟಿದೋರಲ್ವಾ? ನಮ್ಮ ಯೋಜನೆ ಹೊಸದಾಗಿ ಬಂದೋರಿಗೆ ಮಾತ್ರ. ಅವರಿಗೆ ಮದುವೆ ಮಾಡಿ, ಸರಿ ಹೋಗ್ತಾರೆ.”

ಮೇಸ್ತ್ರಿ ಪಕ್ಕದಲ್ಲೇ ಇದ್ದ. “ಇಷ್ಟೇ ಕಣಮ್ಮ. ನಮ್ಮ ತಟ್ಟೇಲಿ ಹೆಗ್ಗಣ ಸತ್ತು ಬಿದ್ದಿದ್ರೂ ಪಕ್ಕದೋರ ತಟ್ಟೇಲಿ ನೊಣ ಹುಡುಕ್ಬೇಕು” ಎಂದು ಒಂದು ಲೋಟ ಚಹಾ ನನ್ನ ಕೈಗೆ ಕೊಟ್ಟ. ಕುಡಿದ ಮೇಲೆ ನೋಡಿದರೆ ಅದು ಹೊಸಬಳ ಲೋಟ. ತುಟಿ ಒರೆಸಿಕೊಳ್ಳಲು ಹೋಗಿ ಮರೆತೆ.

ಫೆಬ್ರವರಿ 9, ಭಾನುವಾರ

ಅಕ್ಷರ ಹೇಗೆ ಬಂದರೂ ಬರೆಯುತ್ತೇನೆ.

ಊಟವಾದ ಮೇಲೆ ತಮ್ಮ ಕಪ್ಪು ಅಂಗಿ ಹಾಕಿಕೊಂಡ. “ಇವತ್ತು ಬಸ್ ನಿಲ್ದಾಣದ ಕಡೆ ಬರ್ಬೇಡ” ಎಂದ. ಮೆಟ್ಟಿಲ ಕೆಳಗೆ ಇಟ್ಟಿದ್ದ ಕ್ಯಾನು ಎತ್ತಿಕೊಂಡ. ಅದರ ವಾಸನೆ ನನಗೆ ಬಾರದೆ ಇರುತ್ತದೆಯೇ?

“ಏನೋ ಅದು?”

“ಹೆದರ್ಸೋಕೆ ಅಷ್ಟೇ. ಏನೂ ಮಾಡಲ್ಲ.”

ಅವನು ಡಂಬೆಲ್ಲಿನ ಜಿಮ್ಮಿಗೆ ಹೋಗಿ ಗುಂಪು ಕಟ್ಟಿಕೊಂಡು ಬರುವಷ್ಟರಲ್ಲಿ ನಾನು ಒಳದಾರಿಯಲ್ಲಿ ಓಡಿದೆ. ಹೊಸಬಳಿಗೆ ಬಾಗಿಲು ಹಾಕಿಕೋ ಎಂದು ಹೇಳಿ ಬಂದುಬಿಡಬೇಕು ಎಂದಷ್ಟೇ ಇತ್ತು. ದಾರಿಯಲ್ಲಿ ಪೊಲೀಸರಿಗೂ ಫೋನ್ ಮಾಡಿದೆ. ನೋಡೋಣ ಎಂದರು.

ಲಾಡ್ಜಿನ ಮೆಟ್ಟಿಲು ಹತ್ತುವಾಗ ಮೂಗಿಗೆ ಸೆರಗು ಒತ್ತಿಕೊಂಡೆ. ಒದ್ದೆ ಗೋಡೆ, ಒಗೆದ ಬಟ್ಟೆ, ಎಷ್ಟೋ ಮನೆಯ ಒಲೆ, ಎಲ್ಲ ಒಂದೇ ಗಾಳಿ. ಅವಳ ಕೋಣೆಯ ಬಾಗಿಲು ತೆಗೆದೇ ಇತ್ತು. ಅತ್ತೆಗೆ ಬಟ್ಟೆ ಬದಲಾಯಿಸುತ್ತಿದ್ದಳು. ಮುದುಕಿ ಎಂದರೆ ಹಕ್ಕಿಮರಿಯಷ್ಟು. ಆ ವಾಸನೆ! ಕೊಳೆ ಬದಿಯಲ್ಲಿ ವರ್ಷಗಟ್ಟಲೆ ಇದ್ದವಳಿಗೂ ತಲೆ ತಿರುಗಿತು.

“ಏಳು, ಜನ ಬರ್ತಿದಾರೆ! ಇಳಿದು ಓಡು, ಇಲ್ಲಾ ಬಾಗ್ಲು ಹಾಕು!”

“ಅತ್ತೆಯವರು ಮೆಟ್ಟಿಲು ಇಳಿಯುವುದಿಲ್ಲ” ಎಂದಳು. ಕೈ ನಿಲ್ಲಿಸಲಿಲ್ಲ. ಹೌದು, ಅದನ್ನು ಅರ್ಧಕ್ಕೆ ಬಿಡಲು ಆಗುತ್ತದೆಯೇ? ಕೊಳಕು ಪಟ್ಟಿಗಳು ತುಂಬಿದ ಬಕೆಟ್ಟನ್ನು ನನ್ನ ಕೈಗೆ ಕೊಟ್ಟಳು, ದಿನಾ ನಾನೇ ಹಿಡಿದು ನಿಲ್ಲುವವಳ ಹಾಗೆ. ಹಿಡಿದುಕೊಂಡೆ. ಅಷ್ಟರಲ್ಲಿ ಕೆಳಗೆ ಕೂಗು. “ಬತ್ತಿ ತೋರ್ಸಿ! ಬತ್ತಿ ತೋರ್ಸಿ!”

ಬಕೆಟ್ಟು ಕೆಳಗಿಡಬೇಕೆಂದು ಹೊಳೆಯಲೇ ಇಲ್ಲ. ಹಿಡಿದುಕೊಂಡೇ ಇಳಿದೆ. ಧೈರ್ಯ ಅಲ್ಲ ಅದು, ಕಾಲು ತಾನಾಗಿ ಇಳಿಯಿತು. ಬಾಗಿಲಲ್ಲಿ ನೋಡಿದರೆ ಇಡೀ ಜಿಮ್ಮು ನಿಂತಿದೆ. ಮುಂದೆ ಡಂಬೆಲ್ಲು, ಪಕ್ಕದಲ್ಲಿ ಕ್ಯಾನು ಹಿಡಿದು ನನ್ನ ತಮ್ಮ.

“ಯಾರಮ್ಮ ನೀನು?” ಎಂದ ಡಂಬೆಲ್ಲು.

“ಇವನ ಅಕ್ಕ.”

ಹಿಂದೆ ಯಾರೋ ಕಿಸಕ್ಕೆಂದರು. ತಮ್ಮನ ಮುಖ ಬಿಳುಚಿತು. “ಅಕ್ಕ, ಮನೆಗೆ ಹೋಗು!”

“ಬತ್ತಿ ಬೇಕು ಅಂದ್ರಲ್ಲ, ತಗೊಳ್ರಪ್ಪ” ಎಂದು ಬಕೆಟ್ಟನ್ನು ಡಂಬೆಲ್ಲಿನ ಮೂಗಿನ ಕೆಳಗೆ ಹಿಡಿದೆ. “ಒಂದೊಂದಾಗಿ ಬಿಡಿಸಿ ನೋಡಿ. ಇನ್ನೂ ಬೆಚ್ಚಗಿದೆ.”

ಅಷ್ಟು ದೊಡ್ಡ ತೋಳಿನವನು ಹಾವು ಕಂಡವನ ಹಾಗೆ ಹಿಂದಕ್ಕೆ ಹಾರಿದ. ಅಂಗಿಯ ಕೈಯನ್ನು ಬಾಯಿಗೆ ತುರುಕಿಕೊಂಡು ಓಕರಿಸಿದ. ನನ್ನ ಕೈ ಸೋತುಹೋಗಿತ್ತು. ತಮ್ಮನ ಕಡೆ ತಿರುಗಿ, “ಹಿಡ್ಕೋ” ಎಂದೆ.

ಅಮ್ಮ ಹೋದಾಗಿನಿಂದ ನಾನು ಹಿಡ್ಕೋ ಎಂದರೆ ಅವನು ಹಿಡಿಯುತ್ತಾನೆ. ಯೋಚಿಸುವುದಿಲ್ಲ. ತುಂಬಿದ ಬಕೆಟ್ಟಿಗೆ ಎರಡು ಕೈ ಬೇಕು. ಕ್ಯಾನು ಕೆಳಗಿಟ್ಟು ಬಕೆಟ್ಟು ಹಿಡಿದ. ನಾನು ಕ್ಯಾನು ಎತ್ತಿಕೊಂಡು ಒಳಗಿನ ಅಂಗಳಕ್ಕೆ ಹೋಗಿಬಿಟ್ಟೆ.

ಗುಂಪಿನಿಂದ ಒಂದು ಕಲ್ಲು ಬಂತು, ಮೇಲಿನ ಕಿಟಕಿ ಪುಡಿಯಾಯಿತು. ಆಮೇಲೆ ಜೀಪಿನ ಸದ್ದು. ಎಲ್ಲರೂ ಚೆಲ್ಲಾಪಿಲ್ಲಿ. ಡಂಬೆಲ್ಲು ಎಲ್ಲರಿಗಿಂತ ಮುಂದೆ. ತಮ್ಮ ಮಾತ್ರ ಓಡಲಿಲ್ಲ, ಬಕೆಟ್ಟು ಹಿಡಿದು ನನ್ನ ಹಿಂದೆಯೇ ಅಂಗಳಕ್ಕೆ ಬಂದು, “ಎಲ್ಲಿ ಇಡ್ಲಿ ಇದನ್ನ?” ಎಂದ. ನಲ್ಲಿಯ ಕಡೆ ತೋರಿಸಿದೆ. ಅಲ್ಲಿ ಕುಕ್ಕರಗಾಲಲ್ಲಿ ಕೂತು ವಾಂತಿ ಮಾಡಿದ. ಹಿಂದಿನ ಗೇಟಿನಿಂದ ಯಾವಾಗ ಹೋದನೋ ನೋಡಲಿಲ್ಲ.

ಇಷ್ಟಕ್ಕೇ ಮುಗಿದಿದ್ದರೆ.

ಇನ್‌ಸ್ಪೆಕ್ಟರು ಒಳಗೆ ಬಂದರು. ನಾನು ಕ್ಯಾನು ಹಿಡಿದೇ ನಿಂತಿದ್ದೆ. “ಇದು ಯಾರದು? ಇಲ್ಲೇ ಇತ್ತಾ?” ಎಂದರು. ತಮ್ಮನ ಹೆಸರು ನಾಲಿಗೆಯ ತುದಿಯವರೆಗೆ ಬಂದು ವಾಪಸು ಹೋಯಿತು. “ನಂಗೊತ್ತಿಲ್ಲ ಸಾರ್” ಎಂದೆ.

“ಅಂಗಳದಲ್ಲಿ ಸಿಕ್ಕಿದೆ ಅಂತ ಬರ್ಕೊಳ್ರಿ” ಎಂದರು ಹಿಂದಿನವನಿಗೆ. “ಮೊದ್ಲು ಬತ್ತಿ, ಈಗ ಪೆಟ್ರೋಲು. ಆ ಕೋಣೆಯವ್ಳನ್ನ ಕರ್ಕೊಂಡು ಬನ್ನಿ.”

ಅವಳನ್ನು ಒಯ್ದರು. ಇಳಿದು ಬರುವಾಗ ಅವಳ ಕೈ ಇನ್ನೂ ಒದ್ದೆಯಿತ್ತು.

ಫೆಬ್ರವರಿ 10, ಸೋಮವಾರ

ಕೆಲಸ ಮುಗಿಸಿ ಲಾಡ್ಜಿಗೆ ಹೋದೆ. ಅಕ್ಕಪಕ್ಕದ ಕೋಣೆಯವರು ಮುದುಕಿಗೆ ಗಂಜಿ ಕುಡಿಸಿದ್ದರು, ಬಟ್ಟೆ ಬದಲಾಯಿಸಿರಲಿಲ್ಲ. ಅವರಿಗೂ ಅಸಹ್ಯವಾಗುತ್ತದೆ ಎಂದು ನೋಡಿ ಏನೋ ಸಮಾಧಾನ. ಬೈದುಕೊಂಡೇ ನಾನು ಬದಲಾಯಿಸಿದೆ. ಒಡೆದ ಕಿಟಕಿಯಿಂದ ಚಳಿ ನುಗ್ಗುತ್ತಿತ್ತು. ಮುದುಕಿ ನನ್ನ ಮುಂಗೈ ಚಿವುಟಿದಳು. ನೋಯುವಷ್ಟು. ಸೊಸೆ ಎಲ್ಲಿ ಎಂದು ಕೇಳುತ್ತಿದ್ದಳೋ ಏನೋ, ಅವಳ ಭಾಷೆ ನನಗೆಲ್ಲಿ ಬರಬೇಕು.

ಫೆಬ್ರವರಿ 11, ಮಂಗಳವಾರ

ತಮ್ಮ ಹಾಸಿಗೆ ಬಿಟ್ಟು ಏಳುವುದಿಲ್ಲ. ಡಂಬೆಲ್ಲಿನ ಹುಡುಗರು ಮೊಬೈಲಿನಲ್ಲಿ ಅವನಿಗೆ ‘ಬಕೆಟ್’ ಎಂದು ಹೆಸರಿಟ್ಟಿದ್ದಾರಂತೆ.

“ಅವಳನ್ನ ಒಳಗೆ ಹಾಕಿದಾರೆ. ಕ್ಯಾನು ಯಾರದು ಅಂತ ನೀನೇ ಹೋಗಿ ಹೇಳು” ಎಂದೆ.

“ನಾನ್ಯಾಕೆ ಹೇಳ್ಲಿ? ಒಳಗೆ ತಗೊಂಡು ಹೋಗಿದ್ದು ನೀನು.”

“ಅವಳ ಅತ್ತೆ ಅಲ್ಲಿ...”

“ಸುಮ್ನಿರು ಅಕ್ಕ! ಆ ವಾಸ್ನೆ ಇನ್ನೂ ಹೋಗಿಲ್ಲ ನಂಗೆ” ಎಂದು ಗೋಡೆಯ ಕಡೆ ತಿರುಗಿದ.

ಅವನ ಬೆನ್ನು ನೋಡುತ್ತಾ ಕೂತೆ. ಎತ್ತಿ ಆಡಿಸಿದ ಬೆನ್ನು. ಜೈಲಿನಲ್ಲಿ ಯಾರಾದರೂ ಹೊಡೆದರೆ? ಅಲ್ಲಿ ಇನ್ನೂ ಕೆಟ್ಟವರ ಕೈಗೆ ಸಿಕ್ಕರೆ? ಹೇಳದೆ ಹೋದರೆ ಅವನು ಮತ್ತೆ ಡಂಬೆಲ್ಲಿನ ಹಿಂದೆ ಹೋಗುತ್ತಾನೆ, ಬಕೆಟ್ ಎಂದದ್ದನ್ನು ಅಳಿಸಲಿಕ್ಕಾದರೂ ಹೋಗುತ್ತಾನೆ. ಮುಂದಿನ ಸಲ ಕ್ಯಾನು ಕೆಳಗಿಡಲಿಕ್ಕಿಲ್ಲ. ಹೀಗೆ ತಿರುಗಿದರೂ ಮುಳ್ಳು, ಹಾಗೆ ತಿರುಗಿದರೂ ಮುಳ್ಳು.

ಫೆಬ್ರವರಿ 12, ಬುಧವಾರ

ಹೇಳಿಬಂದೆ.

ಇನ್‌ಸ್ಪೆಕ್ಟರು ಹಲ್ಲು ಕೆದಕುತ್ತಾ ಕೇಳಿಸಿಕೊಂಡರು. ಕಡ್ಡಿಯ ತುದಿಗೆ ಬಂದದ್ದನ್ನು ನೋಡಿ ಮತ್ತೆ ಬಾಯಿಗೇ ಹಾಕಿಕೊಂಡರು. “ಅಲ್ಲಮ್ಮ, ಮೊದ್ಲು ಬತ್ತಿ ಅಂತ ಹೇಳಿದ್ದೂ ನೀವೇ. ಈಗ ಅಲ್ಲ ಅಂತಿರೋದೂ ನೀವೇ. ಯಾವುದನ್ನ ನಂಬ್ಲಿ?” ಎಂದರು. ಅವಳನ್ನು ಅದೇ ಹೊತ್ತಿಗೆ ಒಳಗಿನಿಂದ ಕರೆತಂದಿದ್ದರು. ಎಲ್ಲ ಕೇಳಿಸಿಕೊಂಡಳು.

ನಾನು ನೆಲ ನೋಡಿದೆ. ಏನಾದರೂ ಬೈದಿದ್ದರೆ ಚೆನ್ನಾಗಿರುತ್ತಿತ್ತು. ನನ್ನ ಹೇಳಿಕೆ ಬರೆಸಿಕೊಂಡು ಅವಳನ್ನು ಬಿಟ್ಟರು. ಹೊರಗೆ ಬಂದು ಸುಮಾರು ದೂರ ನಡೆದ ಮೇಲೆ, “ಅತ್ತೆಗೆ ನೀನು ಬಟ್ಟೆ ಕಟ್ಟಿದೆಯಾ?” ಎಂದಳು.

“ಕಟ್ಟಿದೆ.”

“ಸರಿಯಾಗಿ ಕಟ್ಟಿದೆಯಾ?”

‘ತಾವು’ ಹೋಗಿ ‘ನೀನು’ ಆಯಿತು. ಸಿಟ್ಟಿಗೆ ಬಂದದ್ದೋ ಸಲಿಗೆಗೆ ಬಂದದ್ದೋ, ಕೇಳುವ ಮುಖ ನನಗಿರಲಿಲ್ಲ.

ಸಂಜೆ ಪೊಲೀಸರು ಮನೆಗೆ ಬಂದರು. ತಮ್ಮ ನನ್ನನ್ನೇ ನೋಡಿದ.

“ನೀನು ಹೇಳ್ದೆಯಾ?”

“ಹೂಂ.”

ಹೊಡೆಯುತ್ತಾನೋ ಎಂದುಕೊಂಡೆ. ಚಪ್ಪಲಿ ಹಾಕಿಕೊಂಡ. ಎಡಗಾಲಿನದು ಸಿಗದೆ ಮಂಚದ ಕೆಳಗೆ ಹುಡುಕಿದ. ಬಾಗಿಲಲ್ಲಿ ನಿಂತು, ಪೊಲೀಸರಿಗೆ ಕೇಳದ ಹಾಗೆ, “ಅಗಳಿ ಹಾಕ್ಕೊಂಡಿರು ಅಕ್ಕ. ಅವ್ರು ಬಂದ್ರೂ ಬರ್ತಾರೆ” ಎಂದ. ಈ 'ಅವರು' ಲಾಡ್ಜಿನವರಲ್ಲ ಎಂದು ಅವನ ಕಣ್ಣು ನೋಡಿಯೇ ತಿಳಿಯಿತು.

ಫೆಬ್ರವರಿ 13, ಗುರುವಾರ

ಮೇಡಂ ತಾವಾಗಿಯೇ ಫೋನ್ ಮಾಡಿದರು. “ಒಂದು ಸಂತೋಷದ ಸುದ್ದಿ. ಈಗ ಕೇಸ್ ಆಗಿರೋದ್ರಿಂದ ನಿಮ್ಮ ತಮ್ಮನ್ನೂ ನಮ್ಮ ಯೋಜನೆಗೆ ಸೇರಿಸ್ಕೋಬಹುದು!”

ಫೋನು ಇಟ್ಟು ಕೈ ತೊಳೆದೆ.

ಫೆಬ್ರವರಿ 15, ಶನಿವಾರ

ಕೊಳೆ ಬದಿಗೆ ಹೋಗುತ್ತೇನೆಂದು ಮೇಸ್ತ್ರಿಗೆ ಹೇಳಿದೆ. ಈ ಕಡೆ ರೋಲರಿನ ಬಿಸಿ ನನಗೆ ಆಗುವುದಿಲ್ಲ, ಅದಕ್ಕೆ. “ತಲೆ ಕೆಟ್ಟಿದ್ಯಾ ನಿಂಗೆ?” ಎಂದ. ಇರಬಹುದು.

ಲಾಡ್ಜಿನ ಕಿಟಕಿಗೆ ಗಾಜು ಯಾರು ಹಾಕಿಸಬೇಕೆಂದು ಇನ್ನೂ ಮೂರು ಕಚೇರಿಯವರು ಕಿತ್ತಾಡುತ್ತಿದ್ದಾರೆ. ಮುದುಕಿಗೆ ಕೆಮ್ಮು ಶುರುವಾಗಿತ್ತು. ಅದಕ್ಕೇ ಮಧ್ಯಾಹ್ನ ಅವಳನ್ನು ಕುರ್ಚಿಯಲ್ಲಿ ಕೂರಿಸಿ ಇಳಿಸಿದೆವು. ಮುಂದಿನ ಕಾಲು ಮೇಸ್ತ್ರಿ, ಹಿಂದಿನದು ನಾನು ಮತ್ತು ಹೊಸಬಳು, ಈಗ ಅವಳನ್ನು ಅಕ್ಕ ಎನ್ನುತ್ತೇನೆ. ಮೆಟ್ಟಿಲ ಮೇಲೆ ಮೇಸ್ತ್ರಿ, “ಅಜ್ಜಿ, ಹಿಡ್ಕೊಳ್ಳಿ, ರಥ ಅಲ್ಲ ಇದು, ಬ್ರೇಕ್ ಇಲ್ಲ” ಎಂದ. ಮುದುಕಿ ಅವನ ಬೋಳುತಲೆಗೆ ಹೊಡೆದಳು. ಅಕ್ಕ ನಕ್ಕುಬಿಟ್ಟಳು.

ಬೇರೆ ಜಾಗ ಎಲ್ಲಿದೆ ನಮ್ಮ ಮನೆಯಲ್ಲಿ? ತಮ್ಮನ ಹಾಸಿಗೆಯ ಮೇಲೇ ಮಲಗಿಸಿದ್ದೇವೆ. ಬಂದ ಗಳಿಗೆಯಲ್ಲೇ ಹಾಸಿಗೆ ಒದ್ದೆ. ಪಕ್ಕದ ಮನೆಯವಳು ಬಂದು ಮೂಗು ಮುರಿದು ಹೋದಳು. ಅಕ್ಕ ಗೊಣಗದೆ ಬಿಚ್ಚುತ್ತಾಳೆ, ನಾನು ಗೊಣಗುತ್ತಾ ಕಟ್ಟುತ್ತೇನೆ. ಪರದೆಗೂ ದಿಂಬಿಗೂ ನನ್ನ ತಲೆಕೂದಲಿಗೂ ಅದೇ ವಾಸನೆ. ಹೇಸಿಗೆ, ಹೇಸಿಗೆ.

ನಾಳೆ ತಮ್ಮನನ್ನು ನೋಡಲು ಬಿಡುತ್ತಾರಂತೆ. ಹಾಸಿಗೆಯ ವಿಷಯ ಹೇಳಬೇಕೋ ಬೇಡವೋ ಎಂದು ಆಗಿನಿಂದ ಒದ್ದಾಡುತ್ತಿದ್ದೇನೆ. ಹೇಳಿದರೆ ಮುಖ ತಿರುಗಿಸಿ ಒಳಗೆ ಹೋಗಿಬಿಟ್ಟರೆ? ಹೇಳದೆ ಇದ್ದರೂ ಎಷ್ಟು ದಿನ. ಬಿಟ್ಟು ಮನೆಗೆ ಬಂದ ದಿನ ಬಾಗಿಲಲ್ಲೇ ಅವನ ಮೂಗಿಗೆ ತಿಳಿಯುತ್ತದೆ.